ಅದೇ ಸಾರ್, ಚಿಟ್ಟೆ ಥರ ಇರುತ್ತಲ್ಲ!

ಮಗಳ ಮೂರು ಗಾಲಿಯ ಸೈಕಲ್ಲು ಒಂದು ಶನಿವಾರ ಬೆಳಿಗ್ಗೆ ಎರಡು ಗಾಲಿಯದಾಗಿ ಅಂಗಳದಲ್ಲಿ ಮಗ್ಗುಲಾಗಿತ್ತು. ಉರುಳಿಹೋದ ಗಾಲಿ ತುಳಸಿಕಟ್ಟೆಯ ಹಿಂದೆ ಸಿಕ್ಕಿತು. ಅಚ್ಚು ನೆಟ್ಟಗೇ ಇತ್ತು. ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಯಲ್ಲಿ ಕೂತಿರುತ್ತಿದ್ದ ಏನೋ ಒಂದು ಮಾತ್ರ ನಾಪತ್ತೆ. ‘ಏನೋ ಒಂದು’ ಅಂದೆನಲ್ಲ, ನನ್ನ ಭಾಷೆ ಅಲ್ಲಿಗೇ ಮುಗಿದಿತ್ತು. ಕನ್ನಡ ಬರೆದು ಹೊಟ್ಟೆ ಹೊರೆಯುವವನಿಗೆ ಒಂದು ತಂತಿ ತುಂಡಿನ ಹೆಸರು ಗೊತ್ತಿರಲಿಲ್ಲ.

“ಹೆಂಗಿತ್ತಮ್ಮ ಅದು?” ಅಂತ ಮಗಳನ್ನೇ ಕೇಳಿದೆ.

“ಕತ್ತರಿ ಥರ ಇತ್ತಪ್ಪ. ಆದ್ರೆ ಕತ್ತರ್ಸಲ್ಲ.”

ಇಷ್ಟು ಸುಳಿವು ಹಿಡಿದು ಚಿಕ್ಕಬಳ್ಳಾಪುರದ ಹಳೇ ಬಜಾರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಕೌಂಟರಿನ ಮುಂದೆ ಆಗಲೇ ಮೂವರಿದ್ದರು. ಒಬ್ಬರು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, “ಇಷ್ಟಪ್ಪ, ಮಧ್ಯೆ ತೂತು” ಅಂದರು. ಪಕ್ಕದ ರೈತರೊಬ್ಬರು ತಮ್ಮ ತೋಳನ್ನೇ ಮೊಣಕೈಯಲ್ಲಿ ಮಡಚಿ, “ಹಿಂಗೆ ತಿರುಗ್ಬೇಕು, ಒಂದಿಂಚು” ಅಂದರು. ಮೂರನೆಯವನು, ಶಾಮಿಯಾನ ಹಾಕುವ ಹುಡುಗ, ಎರಡೂ ಅಂಗೈ ಜೋಡಿಸಿ ರೆಕ್ಕೆಯಂತೆ ಬಡಿದು, “ಅದೇ ಸಾರ್, ಚಿಟ್ಟೆ ಥರ ಇರುತ್ತಲ್ಲ! ಸ್ಪಾನರ್ ಬೇಕಾಗಲ್ಲ, ಕೈಯಲ್ಲೇ ತಿರುಗ್ಸೋದು” ಅಂದ. ಕೌಂಟರಿನ ಹಿಂದಿದ್ದ ಹಿರಿಯರು ಯಾರ ಮುಖವನ್ನೂ ನೋಡಲಿಲ್ಲ. ಕೈಗಳನ್ನು ಮಾತ್ರ ನೋಡಿದರು. ಮೂರು ಡಬ್ಬಿಗೆ ಕೈಹಾಕಿದರು, ಮೂರು ಪೊಟ್ಟಣ ಕಟ್ಟಿದರು. ಒಂದು ವಸ್ತುವಿನ ಹೆಸರನ್ನೂ ಯಾರೂ ಹೇಳದೆ ಮೂರು ವ್ಯಾಪಾರ ಮುಗಿದವು.

ಔಷಧಿ ಅಂಗಡಿಗೆ ಚೀಟಿ ಒಯ್ಯುತ್ತೇವೆ. ದಿನಸಿ ಅಂಗಡಿಯಲ್ಲಿ ಹೆಸರು ಹೇಳುತ್ತೇವೆ. ಬಟ್ಟೆ ಅಂಗಡಿಯಲ್ಲಿ ಬಣ್ಣ ಹೇಳುತ್ತೇವೆ. ಆಕಾರ ಹೇಳಿ ಕೊಳ್ಳುವ ಅಂಗಡಿ ಇದೊಂದೇ. ಇಲ್ಲಿ ಎಲ್ಲರೂ ಒಂದಿಷ್ಟು ಕವಿಗಳು. ಯಾವುದನ್ನೇ ಕೇಳಲಿ, ‘ಥರ’ ಅನ್ನುವ ಪದ ಬರಲೇಬೇಕು. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಉಪಮೆ ಅಂತಾರೆ, ಬಜಾರಿನಲ್ಲಿ ಗಿರಾಕಿ ಅಂತಾರೆ.

ಹುಂಜ, ಚಿಟ್ಟೆ, ಗಿಳಿ

ಹುಡುಗ ಕೇಳಿದ ಆ ಚಿಟ್ಟೆ ನಟ್ಟಿಗೆ ಲೋಕದಲ್ಲೆಲ್ಲ ರೆಕ್ಕೆಯೇ ಗತಿ. ಸ್ಪೇನಿನವರ ಬಾಯಲ್ಲೂ ಅದು ಚಿಟ್ಟೆಯೇ. ಇಟಲಿಯವರ ಕಣ್ಣಿಗೆ ಅದು ‘ಗಲ್ಲೆಟ್ಟೊ’, ಅಂದರೆ ಪುಟ್ಟ ಹುಂಜ. ಜರ್ಮನರು ‘ಫ್ಲ್ಯೂಗೆಲ್‌ಮುಟ್ಟರ್’ ಅನ್ನುತ್ತಾರೆ, ರೆಕ್ಕೆಯ ತಾಯಿ. ಅವರಿಗೆ ಎಲ್ಲ ನಟ್ಟುಗಳೂ ತಾಯಂದಿರೇ. ದೂರದ ಚೀನಿಯರೂ ನಟ್ಟಿನ ಹೆಸರಿನಲ್ಲಿ ತಾಯಿಯನ್ನು ಕೂರಿಸಿ, ‘ಸುರುಳಿಯ ತಾಯಿ’ ಅಂದಿದ್ದಾರೆ. ಒಳಗೆ ಬಂದವನನ್ನು ಬಿಗಿಯಾಗಿ ಅಪ್ಪಿ ಹಿಡಿದು ಬಿಡದೇ ಇರುವವಳನ್ನು ಇನ್ನೇನೆನ್ನಬೇಕು? ಇಂಗ್ಲಿಷಿನವನಿಗೆ ಮಾತ್ರ ಅದು ಒಡೆದು ತಿನ್ನುವ ಬೀಜವಾಗಿ ಕಂಡಿತು.

ನಮ್ಮ ಮೂಲೆಯ ಊರುಗಳಲ್ಲಿ ಇನ್ನೊಂದು ಸೊಗಸಿದೆ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಹೊಸಿಲಿನ ಮೇಲೇ ಇರುವ ಬಾಗಿಲಿನ ಸಾಮಾನು ಎರಡೂ ಭಾಷೆಗೆ ಸಿಕ್ಕಿಕೊಂಡಿದೆ. ಕನ್ನಡದ ಮೊಳೆ ತೆಲುಗಿನಲ್ಲಿ ಮೇಕು. ಕನ್ನಡದ ಚಿಲಕ ತೆಲುಗಿನಲ್ಲಿ ಗೊಳ್ಳೆಂ. ‘ಚಿಲಕ’ ಅಂದರೆ ತೆಲುಗಿನವರ ಕಿವಿಗೆ ಗಿಳಿ. ಬಾಗಿಲಿಗೆ ಚಿಲಕ ಹಾಕು ಅಂದರೆ ಗಿಳಿ ಯಾಕೆ ಹಾಕಬೇಕು ಅಂತ ನಗುವುದು ಇಲ್ಲಿ ಹಳೆಯ ತಮಾಷೆ. ಹಾಗೆ ನಗುವಂತೆಯೂ ಇಲ್ಲ. ತೆಲುಗು ಮನೆಗಳಲ್ಲಿ ಅಂಗಿ ನೇತುಹಾಕುವ ಗೋಡೆಯ ಗೂಟಕ್ಕೆ ಚಿಲಕಕೊಯ್ಯ ಅಂತಲೇ ಹೆಸರು. ಬಡಗಿ ಅದನ್ನು ಗಿಳಿಯ ಹಾಗೆ ಕೊರೆಯುತ್ತಿದ್ದ. ಅಂತೂ ಎರಡು ಭಾಷೆಯ ಗಿಳಿಯೂ ಗೂಟವೂ ಒಂದೇ ಮನೆಯಲ್ಲಿ ಸುಖವಾಗಿವೆ.

ಕನ್ನಡವೇನು ಕಡಿಮೆಯೇ? ಸರಪಳಿಯ ಕೊಂಡಿಯೂ ಚೇಳಿನ ಕೊಂಡಿಯೂ ಒಂದೇ ಪದ. ಎರಡೂ ಬಾಗಿವೆ, ಎರಡೂ ಸಿಕ್ಕಿಸಿಕೊಂಡರೆ ಬಿಡಿಸುವುದು ಕಷ್ಟ. ಬಾಗಿಲಿಗೂ ಮಂಡಿಗೂ ಕೀಲು ಒಂದೇ, ಮುದಿಯಾದಾಗ ಎರಡಕ್ಕೂ ಎಣ್ಣೆ. ಕೊಕ್ಕೆ ಅಂದರೆ ಹಕ್ಕಿಯ ಕೊಕ್ಕು ಕಣ್ಣಿಗೆ ಕಟ್ಟುತ್ತದೆ. ಮೊಳೆ ಅನ್ನುವುದು ಗೋಡೆಗೆ ಹೊಡೆಯುವ ವಸ್ತುವೂ ಹೌದು, ಬೀಜ ಮಾಡುವ ಕೆಲಸವೂ ಹೌದು. ಒಂದು ಒಳಕ್ಕೆ ಹೋಗುತ್ತದೆ, ಇನ್ನೊಂದು ಹೊರಕ್ಕೆ ಬರುತ್ತದೆ, ಚೂಪು ಮಾತ್ರ ಅದೇ.

ತಲೆಕಟ್ಟು, ಕೊಂಬು, ವಟ್ರುಸುಳಿ

ನನ್ನ ಸರದಿಗೆ ಕಾಯುತ್ತ ಡಬ್ಬಿಗಳ ಸಾಲು ನೋಡುತ್ತಿದ್ದೆ. ಪ್ರತಿ ಡಬ್ಬಿಯ ಹೊರಗೂ ಒಳಗಿನ ಮಾಲಿನ ಒಂದೊಂದು ನಮೂನೆ ಕಟ್ಟಿದ್ದರು. ದೂರದಿಂದ ಅದು ಒಂದನೇ ತರಗತಿಯ ಗೋಡೆಯ ಮೇಲಿನ ವರ್ಣಮಾಲೆಯಂತೆ ಕಂಡಿತು. ಕಾಗದ ಹಿಡಿದಿಡುವ ಸ್ಟೇಪ್ಲರ್ ಪಿನ್ನು ಅಂದರೆ ಗ. ಹಳೇ ಬಾಗಿಲಿನ ಬಳೆ ಅಂದರೆ ರ. ವಾಷರ್ ಅಂದರೆ ಸೊನ್ನೆ. ಆ ವಾಷರಿನ ನಡುವೆ ಬೋಲ್ಟಿನ ತುದಿ ಇಣುಕಿದರೆ ಠ. ಕೀಲುಪಟ್ಟಿಯಲ್ಲಿ ಒಂದರ ಕೆಳಗೊಂದು ಇರುವ ತೂತುಗಳು ವಿಸರ್ಗ.

ಅಕ್ಷರದ ಅಂಗಗಳ ಹೆಸರಂತೂ ಈ ಅಂಗಡಿಯಿಂದಲೇ ಹೋದಂತಿವೆ. ತಲೆಕಟ್ಟು ಇಲ್ಲದ ಮೊಳೆ ಮರದೊಳಗೆ ಮುಳುಗಿಹೋಗುತ್ತದೆ. ಅದಕ್ಕೇ ಮೊಳೆಗೊಂದು ತಲೆ. ಬಚ್ಚಲ ಗೋಡೆಗೆ ಟವೆಲು ನೇತುಹಾಕುವ ಹುಕ್ಕು ಅಂದರೆ ಕೊಂಬು. ವಟ್ರುಸುಳಿ ಅಂದರೆ ತಿರುಪಿನ ಒಂದು ಸುತ್ತು. ಅಕ್ಷರಕ್ಕೂ ಮೊಳೆಗೂ ಇರುವ ನಂಟು ಮುದ್ರಣಾಲಯದವರಿಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರು ಬರುವ ಮುಂಚೆ ಸೀಸದ ಅಕ್ಷರಗಳಿಗೆ ಅಚ್ಚುಮೊಳೆ ಅಂತಲೇ ಹೆಸರು. ಪುಸ್ತಕ ಅಂದರೆ ಮೊಳೆ ಜೋಡಿಸಿ ಮಾಡಿದ ವಸ್ತುವೇ ಆಗಿತ್ತು.

ತಲೆಗಳಲ್ಲೂ ಎಷ್ಟು ಬಗೆ! ಹಳೆಯ ತಿರುಪಿನ ತಲೆಯಲ್ಲಿ ಒಂದೇ ಗೀರು, ಅದು ಮೈನಸ್. ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ಚುಚ್ಚುವುದು ಅದರ ಹುಟ್ಟುಗುಣ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಪ್ರಚಾರಕ್ಕೆ ತಂದ ಅಡ್ಡಗೀರಿನ ತಲೆ ಪ್ಲಸ್. ಸ್ಕ್ರೂಡ್ರೈವರಿನ ಮೂತಿ ತಾನೇ ನಡುಮಧ್ಯಕ್ಕೆ ಬಂದು ಕೂರುವಂತೆ ಅದನ್ನು ಕೊರೆದಿದ್ದರಿಂದ ಕಾರಿನ ಕಾರ್ಖಾನೆಗಳು ಕೈಬೀಸಿ ಕರೆದವು. ಬೋಲ್ಟಿನ ತಲೆ ಆರು ಮೂಲೆಯದಾದದ್ದಕ್ಕೂ ಕಾರಣ ಇದೆ. ನಾಲ್ಕು ಮೂಲೆಯಾದರೆ ಸ್ಪಾನರನ್ನು ಮತ್ತೆ ಹಿಡಿಸಲು 90 ಡಿಗ್ರಿ ತಿರುಗಿಸಬೇಕು. ಆರು ಮೂಲೆಗೆ 60 ಸಾಕು. ಸ್ಕೂಟರಿನ ಹೊಟ್ಟೆಯೊಳಗೆ ಕೈ ಆಡಿಸಲು ಜಾಗವಿಲ್ಲದ ಮೆಕ್ಯಾನಿಕ್ಕಿಗೆ ಆ 30 ಡಿಗ್ರಿ ದೊಡ್ಡ ಆಸ್ತಿ. ಜೇನುಗೂಡಿನ ಆರು ಮೂಲೆ ಮೇಣ ಉಳಿಸುತ್ತದೆ, ನಟ್ಟಿನ ಆರು ಮೂಲೆ ಮೊಣಕೈ ಉಳಿಸುತ್ತದೆ.

ಅಳತೆಗೂ ಬಜಾರಿನದೇ ಲೆಕ್ಕ. “ಎಷ್ಟು ಸೂತು?” ಅಂತ ಕೇಳುತ್ತಾರೆ. ಎಂಟು ಸೂತಿಗೆ ಒಂದು ಇಂಚು. ಡಬ್ಬಿಯ ಮೇಲೆ ಮಿಲಿಮೀಟರ್ ಅಚ್ಚಾಗಿದ್ದರೂ ಬಾಯಲ್ಲಿ ಸೂತು ಉಳಿದಿದೆ. ಇವತ್ತು ಇಲ್ಲಿ ಕೊಂಡ ಬೋಲ್ಟಿಗೆ ನಾಳೆ ಎಲ್ಲೋ ಕೊಂಡ ನಟ್ಟು ಕೂರುತ್ತದಲ್ಲ, ಅದು ತಾನಾಗಿ ಬಂದ ಭಾಗ್ಯವಲ್ಲ. ಹಿಂದೆ ಪ್ರತಿ ಕಾರ್ಖಾನೆಯ ತಿರುಪಿಗೂ ಅದರದ್ದೇ ಸುತ್ತು, ಅದರದ್ದೇ ಆಳ. ಜೋಡಿ ತಪ್ಪಿದರೆ ಸಂಸಾರ ಮುಗಿಯಿತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲ ತಿರುಪಿಗೂ ಒಂದೇ ಕೋನ, 55 ಡಿಗ್ರಿ, ಇಷ್ಟು ದಪ್ಪಕ್ಕೆ ಇಷ್ಟೇ ಸುತ್ತು ಅಂತ ಕಟ್ಟು ಹಾಕಿದ. ಈಗ ನಾವು ಕೊಳ್ಳುವ ಮಿಲಿಮೀಟರಿನ ತಿರುಪಿಗೆ ಆ ಕೋನ 60 ಡಿಗ್ರಿ. ಜಾತಕ ನೋಡದೆ ಮದುವೆಯಾಗಬಹುದು ಅಂತ ನಟ್ಟುಬೋಲ್ಟುಗಳು ಒಪ್ಪಿಕೊಂಡು ಆಗಲೇ 180 ವರ್ಷ ದಾಟಿತು.

ಪೈಪಿನ ಮೈಕೈ

ಮೊಣಕೈ ಮಡಚಿ ತೋರಿಸಿದ ರೈತರಿಗೆ ಸಿಕ್ಕಿದ್ದು ಎಲ್ಬೋ. ಇಂಗ್ಲಿಷಿನಲ್ಲೂ ಅದು ಮೊಣಕೈಯೇ. ಪೈಪಿನ ಸಾಮಾನೆಲ್ಲ ಒಂದು ದೇಹದ ಬಿಡಿಭಾಗಗಳು. ಮೊಣಕೈ ಇದೆ, ಕೊರಳಿಗೆ ಕಾಲರ್ ಇದೆ, ತುದಿಗೆ ಟೋಪಿ ಇದೆ, ನಿಪ್ಪಲ್ ಇದೆ, ಗಂಡುಹೆಣ್ಣೂ ಇವೆ. ಪ್ಲಂಬರು ಸಂಕೋಚವಿಲ್ಲದೆ “ಒಂದು ಮೇಲು, ಎರಡು ಫೀಮೇಲು ಕೊಡಣ್ಣ” ಅನ್ನುತ್ತಾನೆ.

ಚಿಕ್ಕಬಳ್ಳಾಪುರ ಜಿಲ್ಲೆ ಇಷ್ಟೊಂದು ಪೈಪಿನ ಭಾಷೆ ಕಲಿತಿದ್ದು ಬಾಯಾರಿಕೆಯಿಂದ. ಅರ್ಕಾವತಿ, ಚಿತ್ರಾವತಿ, ಪಾಲಾರ್, ಎರಡು ಪಿನಾಕಿನಿ, ಇವೆಲ್ಲ ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುತ್ತವೆ. ಹುಟ್ಟಿದ ಮನೆಯಲ್ಲಿ ಒಂದೂ ಸದಾ ಹರಿಯುವುದಿಲ್ಲ. ನೀರಿಗೆ ನೆಲದ ಕೆಳಗೇ ಹೋಗಬೇಕು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಒಂದು ಪೈಪು 20 ಅಡಿ ಅಂದರೆ ಸಾವಿರ ಅಡಿಗೆ 50 ಪೈಪು. ಪ್ರತಿ ಜೋಡಣೆಗೂ ಒಂದು ಕಾಲರ್, ಅದರೊಳಗೆ ಕೆಲವೇ ಸುತ್ತಿನ ತಿರುಪು. ತಳದ ಮೋಟರು, ಮೇಲಿನ ಪೈಪು, ಪೈಪಿನೊಳಗಿನ ನೀರು, ಎಲ್ಲದರ ಭಾರ ಆ ಸುತ್ತುಗಳಿಂದ ಜೋತುಬಿದ್ದಿರುತ್ತದೆ. ಟೊಮೆಟೊ, ಹೂವು, ಹಿಪ್ಪುನೇರಳೆ, ಬೆಂಗಳೂರು ನೀಲಿ ದ್ರಾಕ್ಷಿ, ಇವೆಲ್ಲ ನೆಲದ ಮೇಲೆ ನಿಂತಂತೆ ಕಾಣುತ್ತವೆ. ನಿಜಕ್ಕೂ ನಿಂತಿರುವುದು ವಟ್ರುಸುಳಿಯ ಮೇಲೆ.

ದ್ರಾಕ್ಷಿ ತೋಟದ ಕಲ್ಲುಕೂಚಗಳನ್ನು ಹತ್ತಿರ ಹೋಗಿ ನೋಡಿ. ಕೆಲವುಗಳ ಅಂಚಿನಲ್ಲಿ ಬೆರಳಗಲದ ಅರೆತೂತುಗಳ ಸಾಲಿರುತ್ತದೆ, ಬಿಚ್ಚಿದ ಹೊಲಿಗೆಯ ಗುರುತಿನಂತೆ. ಅದು ಬೆಣೆಯ ರುಜು. ಕಲ್ಲುಕುಟಿಗ ಬಂಡೆಯ ಮೇಲೆ ಗೆರೆಯಾಗಿ ತೂತು ಹೊಡೆದು, ಪ್ರತಿ ತೂತಿಗೂ ಒಂದು ಉಕ್ಕಿನ ಬೆಣೆ ಕೂರಿಸಿ, ಸಾಲಾಗಿ ಒಂದೊಂದಕ್ಕೂ ಪೆಟ್ಟು ಕೊಡುತ್ತ ಬರುತ್ತಾನೆ. ಬಂಡೆ ಮೊದಲು ಸಣ್ಣಗೆ ಸದ್ದು ಮಾಡುತ್ತದೆ, ಆಮೇಲೆ ರೊಟ್ಟಿ ಮುರಿದಂತೆ ಎರಡಾಗುತ್ತದೆ. ಬಿಗಿಸುವುದಕ್ಕೂ ಬೆಣೆ, ಸೀಳುವುದಕ್ಕೂ ಬೆಣೆ. ಪಂಚತಂತ್ರದ ಕೋತಿಗೆ ಈ ಎರಡನೆಯ ಗುಣ ಗೊತ್ತಿರಲಿಲ್ಲ. ಅರ್ಧ ಸೀಳಿದ ಮರದ ಮೇಲೆ ಕೂತು ಬೆಣೆ ಕಿತ್ತಿತು, ಮರ ಮುಚ್ಚಿಕೊಂಡಿತು. ಹಾರ್ಡ್‌ವೇರ್ ಅಪಘಾತದ ಇಷ್ಟು ಹಳೆಯ ವರದಿ ಇನ್ನೆಲ್ಲಾದರೂ ಇದೆಯೋ ಏನೋ!

ಹನಿ ನೀರಾವರಿಯ ಸಾಮಾನಿನಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಪ್ಲಾಸ್ಟಿಕ್ ಎಂಟು. ಕಪ್ಪು ಕೊಳವೆಯ ಕೊನೆ ಮುಚ್ಚಬೇಕಲ್ಲ, ಅದಕ್ಕೆ ಬಿರಟೆ ಇಲ್ಲ, ತಿರುಪಿಲ್ಲ. ಇಂಗ್ಲಿಷಿನ 8ರಂತಿರುವ ಬಿಲ್ಲೆಯ ಒಂದು ಕಣ್ಣಿಗೆ ಕೊಳವೆ ತೂರಿಸಿ, ಮಡಚಿ, ತುದಿಯನ್ನು ಇನ್ನೊಂದು ಕಣ್ಣಿಗೆ ಸಿಕ್ಕಿಸಿದರೆ ಮುಗಿಯಿತು. ಮಡಿಕೆಯೇ ನೀರನ್ನು ತಡೆಯುತ್ತದೆ. ಬಿಚ್ಚಿದರೆ ಕಸ ತೊಳೆದುಹೋಗುತ್ತದೆ. ಎರಡು ತೂತಿನ ಈ ಜಾಣತನವನ್ನು ಕಿಸೆಗೆ ಹಾಕಿಕೊಂಡು ಮುಂದಿನ ವಾರ ಶಿಡ್ಲಘಟ್ಟಕ್ಕೆ ಹೋದೆ.

ಹುಳು ಬರೆಯುವ ಎಂಟು

ಹಿಪ್ಪುನೇರಳೆ ತೋಟದ ಕೊಳವೆಯ ಕೊನೆಗೆ ಎಂಟು. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುವಾಗ ಬರೆಯುವುದೂ ಎಂಟೇ. ರೇಷ್ಮೆಹುಳು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ, 8, 8, 8 ಅಂತ ಕಾಪಿ ಬರೆಯುತ್ತ ಎರಡು ಮೂರು ದಿನದಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆಯಿಂದ ತನ್ನನ್ನು ಮುಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಶಿಡ್ಲಘಟ್ಟದಲ್ಲಿದ್ದೂ ಅದು ಕನ್ನಡದ ೮ ಕಲಿತಿಲ್ಲ. ಕಲಿಯದೇ ಇದ್ದದ್ದೇ ಒಳ್ಳೆಯದು. ನಮ್ಮ ೮ರ ಬಾಯಿ ತೆರೆದೇ ಇರುತ್ತದೆ. ಹಾಗೆ ಬರೆದಿದ್ದರೆ ಗೂಡು ಮುಚ್ಚುತ್ತಲೇ ಇರಲಿಲ್ಲ.

ಹುಳುವಿಗೆ ಈ ಕಾಪಿ ಬರೆಯಲು ಕೊಡುವ ಹಲಗೆಯೇ ಚಂದ್ರಂಕಿ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಬೀದಿ. ತಿರುಪೊಂದನ್ನು ಮೇಲಿನಿಂದ ಒತ್ತಿ ಚಪಾತಿ ಮಾಡಿದರೆ ಚಂದ್ರಂಕಿ ಆಗುತ್ತದೆ. ಪುಸ್ತಕದಲ್ಲಿ ಚಂದ್ರಿಕೆ. ಈಚಿನ ಮಡಚುವ ಪ್ಲಾಸ್ಟಿಕ್ಕಿನದಕ್ಕೆ ನೇತ್ರಿಕೆ. ಒಂದರಲ್ಲಿ ಚಂದ್ರ ಕೇಳಿಸುತ್ತಾನೆ, ಇನ್ನೊಂದರಲ್ಲಿ ಕಣ್ಣು. ರೇಷ್ಮೆ ಇಲಾಖೆಯ ಕಾಗದದಲ್ಲೂ ಈ ಮಟ್ಟಿಗೆ ಕಾವ್ಯ ಉಳಿದಿದೆ.

ಗೂಡು ಮಾರುಕಟ್ಟೆಯಿಂದ ನೂಲು ತೆಗೆಯುವ ಫಿಲೇಚರಿಗೆ ಬಂದ ಮೇಲೆ ಆಕಾರಗಳ ಇನ್ನೊಂದು ಮೆರವಣಿಗೆ. ಬಿಸಿನೀರಿನ ಬಟ್ಟಲಿನಲ್ಲಿ ಕುಣಿಯುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಎದ್ದು, ಐದಾರೋ ಎಂಟ್ಹತ್ತೋ ಒಟ್ಟಾಗಿ, ಪಿಂಗಾಣಿ ಗುಂಡಿಯೊಂದರ ಸೂಜಿಮೊನೆಯ ತೂತಿನೊಳಗೆ ತೂರುತ್ತವೆ. ಅಂಗಿಯ ಗುಂಡಿ ಬಟ್ಟೆಯನ್ನು ಹಿಡಿದಿಡುತ್ತದೆ, ಈ ಗುಂಡಿ ಬಟ್ಟೆಯಾಗಲು ಬಿಡುತ್ತದೆ. ಆಮೇಲೆ ಎಳೆ ತನ್ನ ಮೈಗೇ ತಾನು ಹೊಸೆದುಕೊಂಡು ನೀರು ಹಿಂಡಿಕೊಳ್ಳುತ್ತದೆ. ದಾರಿ ತಪ್ಪದಂತೆ ಅಲ್ಲಲ್ಲಿ ತಂತಿಯ ಸುರುಳಿಗಳು. ನೂಲಿನ ಯಂತ್ರಗಳ ಲೋಕದಲ್ಲಿ ಅದಕ್ಕೆ ಪಿಗ್‌ಟೇಲ್, ಹಂದಿಬಾಲ, ಅಂತ ಹೆಸರು. ಮದುವೆಯ ಸೀರೆ ಹಂದಿಬಾಲದೊಳಗಿಂದ ಬಂದಿದೆ ಅಂತ ಮುಹೂರ್ತದ ಹೊತ್ತಿನಲ್ಲಿ ಯಾರೂ ಹೇಳಬಾರದು, ಅಷ್ಟೇ.

ಆ ಸೀರೆಯ ನೆರಿಗೆ ನಿಲ್ಲುವುದು ಯಾವುದರಿಂದ? ಪಿನ್ನಿನಿಂದ. ನಮ್ಮ ಮನೆಯ ಹೆಂಗಸರ ಬಳೆಯಲ್ಲೋ ತಾಳಿಸರದಲ್ಲೋ ಯಾವಾಗಲೂ ಒಂದೆರಡು ಪಿನ್ನು ನೇತಾಡುತ್ತಿರುತ್ತದೆ. ಕಿತ್ತ ಚಪ್ಪಲಿಗೆ, ಸಡಿಲವಾದ ರವಿಕೆಗೆ, ಕಾಲಿಗೆ ಚುಚ್ಚಿದ ಮುಳ್ಳಿಗೆ, ಎಲ್ಲಕ್ಕೂ ಅದೇ. ನಡೆದಾಡುವ ಹಾರ್ಡ್‌ವೇರ್ ಅಂಗಡಿ. ಆ ಪಿನ್ನಿನ ಆಕಾರದಲ್ಲಿ ಇಡೀ ಬಜಾರು ಅಡಗಿದೆ: ಒಂದು ತುದಿಗೆ ಮೊಳೆಯ ಮೊನೆ, ಇನ್ನೊಂದು ತುದಿಗೆ ಚಿಲಕ, ನಡುವೆ ಸ್ಪ್ರಿಂಗಿನ ಸುರುಳಿ. ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಅದಕ್ಕೆ ಪೇಟೆಂಟ್ ಪಡೆದು, ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಕೊಂಡವರು ಉದ್ಧಾರವಾದರು. ಮುಚ್ಚಿಕೊಳ್ಳುವ ಮೊನೆ ಕಂಡುಹಿಡಿದವನಿಗೆ ಮುಷ್ಟಿ ಮುಚ್ಚಿ ಹಿಡಿಯಲು ಬರಲಿಲ್ಲ.

ಗೋಡಂಬಿಯಂಥ ಲಾಳ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಒಂದೇ ಹಳಿಯ ಮೇಲಿನ ಮಣಿಗಳು. ಒಂದು ಕಾಲದಲ್ಲಿ ಇದು ಆಟಿಕೆಯಂಥ ನ್ಯಾರೋಗೇಜ್ ದಾರಿ. 2013ರಲ್ಲಿ ಕೋಲಾರದವರೆಗೂ ಬ್ರಾಡ್‌ಗೇಜಾಯಿತು. ಹಳೆಯ ಹಳಿಗಳನ್ನು ಮರದ ದಿಮ್ಮಿಗೆ ಬಿಗಿಯುವ ಮೊಳೆಗೆ ಡಾಗ್ ಸ್ಪೈಕ್ ಅನ್ನುತ್ತಾರೆ. ತಲೆಯ ಎರಡೂ ಕಡೆ ಕಿವಿ, ಮುಂದಕ್ಕೆ ಚಾಚಿದ ಮೂತಿ. ನಾಯಿಯೇ ಸರಿ, ಹಳಿಯನ್ನು ಕಚ್ಚಿಕೊಂಡು ಕೂರುತ್ತದೆ. ಈಗಿನ ಕಾಂಕ್ರೀಟ್ ದಿಮ್ಮಿಗಳ ಮೇಲೆ ಉಕ್ಕಿನ ಸರಳನ್ನು ಚಕ್ಕುಲಿಯಂತೆ ತಿರುಚಿದ ಕ್ಲಿಪ್ಪುಗಳಿವೆ. ಪ್ಯಾಂಡ್ರಾಲ್ ಅಂತ ಜನ ಕರೆಯುವ ಆ ಹೆಸರು ಬಂದದ್ದು ಅದನ್ನು ಕಂಡುಹಿಡಿದ ನಾರ್ವೆಯ ಪೆರ್ ಪಾಂಡೆ ರಾಲ್ಫ್‌ಸೆನ್ ಅವರಿಂದ. ನಾಯಿ ಹೋಗಿ ಚಕ್ಕುಲಿ ಬಂತು.

ಚಿಂತಾಮಣಿ ವ್ಯಾಪಾರದ ಊರು. ಲಾರಿ, ಟ್ರ್ಯಾಕ್ಟರ್, ಟೊಮೆಟೊ ಬಾಕ್ಸುಗಳ ಗದ್ದಲದ ನಡುವೆ ಎತ್ತಿನ ಸಾಮಾನು ಹುಡುಕುವುದು ಈಗ ಕಷ್ಟ. ಸಿಕ್ಕರೆ ಬಿಡಬೇಡಿ. ಕುದುರೆಯ ಲಾಳ ಎಲ್ಲರಿಗೂ ಗೊತ್ತು, ಮನೆ ಬಾಗಿಲಿಗೂ ಹೊಡೆಯುತ್ತಾರೆ. ಎತ್ತಿನ ಲಾಳ ಹಾಗಿರುವುದಿಲ್ಲ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು. ಒಂದೊಂದೂ ನೋಡಲು ಥೇಟ್ ಗೋಡಂಬಿ. ಗೋಡಂಬಿಗೆ ‘ಚಿಂತಾಮಣಿ-1’ ಅನ್ನುವ ತಳಿಯನ್ನೇ ಕೊಟ್ಟ ಊರಿನಲ್ಲಿ ಈ ಹೋಲಿಕೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಎತ್ತನ್ನು ಹಗ್ಗ ಹಾಕಿ ಮಗ್ಗುಲಿಗೆ ಕೆಡವಿ, ಕಾಲು ಕಟ್ಟಿ, ಚಪ್ಪಟೆ ಮೊಳೆಯನ್ನು ಓರೆಯಾಗಿ ಹೊಡೆಯುತ್ತಾರೆ. ಮೊನೆ ಗೊರಸಿನ ಹೊರಬದಿಯಲ್ಲಿ ಇಣುಕುತ್ತದೆ. ಅದನ್ನು ಕತ್ತರಿಸಿ ಮಡಚುತ್ತಾರೆ. ಓರೆ ತಪ್ಪಿ ನೆಟ್ಟಗೆ ಹೋದರೆ ಜೀವಕ್ಕೆ ಚುಚ್ಚಿತು. ಜೀವ ಇರುವ ವಸ್ತುವಿಗೆ ಮೊಳೆ ಹೊಡೆಯುವವನ ಕೈಯಲ್ಲಿ ಎಷ್ಟು ಲೆಕ್ಕ ಇರಬೇಕು ಯೋಚಿಸಿ.

ಅಲ್ಲೇ ಒಂದು ಹಳೇ ಗಾಡಿ ನಿಂತಿತ್ತು. ಅದರ ಅಚ್ಚಿನ ತುದಿಗೆ ಬೆರಳು ತೋರಿಸಿ, ಗಾಲಿ ಆಚೆ ಜಾರದಂತೆ ತಡೆಯುವ ಆ ಕಬ್ಬಿಣದ ತುಂಡಿಗೆ ಏನಂತಾರೆ ಅಂತ ಗಾಡಿಯ ಯಜಮಾನರನ್ನು ಕೇಳಿದೆ. “ಕಡಾಣಿ ಅಲ್ವೇನಪ್ಪ! ಅದಿಲ್ದಿದ್ರೆ ಗಾಡಿ ಎಲ್ಲಿಂದ ಹೋಗ್ತದೆ?” ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದರು. ಗಾಡಿಯಷ್ಟು ದೊಡ್ಡದಕ್ಕೆ ಹೆಬ್ಬೆರಳು ಗಾತ್ರದ ಕಡಾಣಿ. ಮಗಳ ಸೈಕಲ್ಲಿನಿಂದ ಬಿದ್ದುಹೋಗಿದ್ದು ಇದರ ಮರಿಮೊಮ್ಮಗ. ಹೆಸರು ನಮ್ಮಲ್ಲಿ ಇತ್ತು. ಗಾಡಿಯ ಜೊತೆಗೇ ಅದನ್ನೂ ಸೌದೆಗೆ ಹಾಕಿದ್ದೆವು.

ಪ್ರದಕ್ಷಿಣೆ ಹಾಕಿದರೆ ಬಿಗಿ

ಗೌರಿಬಿದನೂರಿಗೆ ಬೇರೆ ಹಳಿ, ಹಿಂದೂಪುರದ ಕಡೆಯದು. ಆಕಾರಗಳೂ ಅಲ್ಲಿ ಬೇರೆ ಗಾತ್ರದವು. ಊರಿನಾಚೆಯ ಬಯಲಿನಲ್ಲಿ 1976ರಿಂದ ಒಂದು ರೇಡಿಯೊ ದೂರದರ್ಶಕ ಇದೆ. ಗುಂಡನೆಯ ತಟ್ಟೆಯನ್ನು ನಿರೀಕ್ಷಿಸಿದವರಿಗೆ ನಿರಾಸೆ. ಅಲ್ಲಿರುವುದು ಸಾವಿರ ಡೈಪೋಲ್ ಆಂಟೆನಾಗಳು, ಪೂರ್ವಪಶ್ಚಿಮಕ್ಕೆ 1.4 ಕಿಲೋಮೀಟರ್, ನಡುವಿನಿಂದ ದಕ್ಷಿಣಕ್ಕೆ 450 ಮೀಟರ್. ಮೇಲಿನಿಂದ ನೋಡಿದರೆ ಇಂಗ್ಲಿಷಿನ ದೊಡ್ಡ ಟಿ. ಪ್ಲಂಬರನ ಕಣ್ಣಿಗೆ ಟೀ ಜಾಯಿಂಟು, ಮೂರು ದಾರಿ ಸೇರುವ ಜಾಗ, ಒಳಗೆ ನೀರಿನ ಬದಲು ಆಕಾಶದ ಅಲೆ. ಭಾಭಾ ಅಣು ಸಂಶೋಧನಾ ಕೇಂದ್ರದವರು ಭೂಕಂಪನ ಆಲಿಸಲು ಇದೇ ಸೀಮೆಯಲ್ಲಿ ಹರಡಿರುವ ಉಪಕರಣಗಳ ಸಾಲು ಎಲ್ ಆಕಾರದ್ದು, ಅಂದರೆ ಎಲ್ಬೋ. ಆಕಾಶಕ್ಕೊಂದು ಟೀ, ಪಾತಾಳಕ್ಕೊಂದು ಎಲ್ಬೋ. ಗೌರಿಬಿದನೂರಿನ ಹಾರ್ಡ್‌ವೇರ್ ಅಂಗಡಿಗಳು ಇದಕ್ಕಿಂತ ದೊಡ್ಡ ಬೋರ್ಡು ಹಾಕಿಸಲಾರವು.

ಸಮೀಪದ ವಿದುರಾಶ್ವತ್ಥ 1938ರ ಏಪ್ರಿಲ್ 25ರ ಗೋಲಿಬಾರಿನಿಂದ ನಾಡಿಗೆಲ್ಲ ಗೊತ್ತು. ಅದಕ್ಕೂ ಹಳೆಯ ಹೆಸರು ಅಶ್ವತ್ಥಮರಕ್ಕೆ ಮತ್ತು ನಾಗರಕಲ್ಲುಗಳಿಗೆ. ಪುರಾತನ ಮರ 2001ರಲ್ಲಿ ಬಿತ್ತು. ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಹರಕೆ ಹೊತ್ತವರು ಅರಿಶಿನ ಹಚ್ಚಿದ ಆ ಕಲ್ಲುಗಳಲ್ಲಿ ಅನೇಕವುಗಳ ಮೇಲೆ ಜೋಡಿನಾಗರ, ಒಂದನ್ನೊಂದು ಸುತ್ತಿ ಹೆಣೆದು ಮೇಲೆ ಹೆಡೆ ಎದುರುಬದುರು. ಇದನ್ನೇ ಲೇತ್ ಕೆಲಸದವರು ಎರಡು ಎಳೆಯ ತಿರುಪು ಅನ್ನುತ್ತಾರೆ. ಒಂದು ಎಳೆಯ ಬೆನ್ನಿಗೇ ಇನ್ನೊಂದು ಏರುವುದರಿಂದ ಒಂದೇ ಸುತ್ತಿಗೆ ಎರಡರಷ್ಟು ದೂರ. ನೀರಿನ ಬಾಟಲಿಯ ಮುಚ್ಚಳ ಅರ್ಧ ಮುಕ್ಕಾಲು ಸುತ್ತಿಗೇ ಬಿಗಿಯಾಗುವುದು ಇಂಥ ಹೆಣೆದ ಎಳೆಗಳಿಂದ.

ನಾಗರಕಟ್ಟೆ ಸುತ್ತುವಾಗ ಹೊಳೆಯಿತು: ತಿರುಪಿನ ಶಾಸ್ತ್ರವೆಲ್ಲ ಇಷ್ಟೇ. ಪ್ರದಕ್ಷಿಣೆ ಹಾಕಿದರೆ ಬಿಗಿ, ಅಪ್ರದಕ್ಷಿಣೆ ಹಾಕಿದರೆ ಸಡಿಲ. ಬಲಮುರಿ ಲೋಕನಿಯಮ, ಎಡಮುರಿ ಅಪರೂಪ. ಸೈಕಲ್ಲಿನ ಎಡಗಾಲಿನ ಪೆಡಲ್ಲು ಎಡಮುರಿ. ಇಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ಬಿಚ್ಚಿಕೊಳ್ಳುತ್ತದೆ. ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿಡುವ ಗುಬ್ಬಿಯೂ ಸಾಮಾನ್ಯವಾಗಿ ಹಾಗೆಯೇ. ಶಂಖಗಳಲ್ಲಿ ಬಲಮುರಿ ಅಪರೂಪ, ಅದಕ್ಕೆ ಪೂಜೆ. ನಟ್ಟುಗಳಲ್ಲಿ ಎಡಮುರಿ ಅಪರೂಪ, ಅದಕ್ಕೆ ಬೈಗುಳ. ಈ ಜಗಳದಲ್ಲಿ ಯಾರ ಕಡೆಗೂ ಸೇರದೆ ಇರುವುದು ಸೌತೆ, ಹೀರೆ ಬಳ್ಳಿಗಳು. ಬಳ್ಳಿಯ ಎಳೆಸುರುಳಿ ತುದಿಯಲ್ಲಿ ಕಂಬಿ ಹಿಡಿದ ಮೇಲೆ ಅರ್ಧ ಬಲಕ್ಕೂ ಅರ್ಧ ಎಡಕ್ಕೂ ಸುತ್ತಿಕೊಳ್ಳುತ್ತದೆ. ಎರಡೂ ತುದಿ ಕಟ್ಟಿಹಾಕಿದ ದಾರವನ್ನು ಹೊಸೆದರೆ ಬೇರೆ ದಾರಿಯಿಲ್ಲ. ಡಾರ್ವಿನ್ 1865ರಲ್ಲೇ ಇದನ್ನು ಗಮನಿಸಿ ಬರೆದ. ನಮ್ಮ ಚಪ್ಪರಗಳಲ್ಲಿ ಅದು ದಿನಾ ನಡೆಯುತ್ತಿದೆ.

೪

ಆ ಶನಿವಾರದ ಕತೆ ಅರ್ಧಕ್ಕೇ ಬಿಟ್ಟಿದ್ದೆ. ಚಿಟ್ಟೆ ಹುಡುಗ ಹೋದ ಮೇಲೆ ನನ್ನ ಸರದಿ ಬಂತು. ಬೇರೆ ದಾರಿ ಕಾಣದೆ, “ಕತ್ತರಿ ಥರ ಇರುತ್ತೆ, ಆದ್ರೆ ಕತ್ತರ್ಸಲ್ಲ. ಮಕ್ಕಳ ಸೈಕಲ್ ಗಾಲಿಗೆ” ಅಂದೆ. ಹಿಂದೆ ನಿಂತವರು ನಕ್ಕರು. ಹಿರಿಯರು ನಗಲಿಲ್ಲ. ಡಬ್ಬಿಯೊಂದರಿಂದ ಒಂದನ್ನು ತೆಗೆದು ಅಂಗೈ ಮೇಲಿಟ್ಟರು. ಒಂದು ತುದಿಗೆ ಉಂಗುರ, ಅಲ್ಲಿಂದ ಜೋಡಿಸಿಟ್ಟಂಥ ಎರಡು ಕಾಲು. “ಸ್ಪ್ಲಿಟ್ ಪಿನ್ನು. ತೂತಿನಲ್ಲಿ ತೂರಿಸಿ, ಕಾಲು ಎರಡೂ ಆಚೆ ಈಚೆ ಬಗ್ಗಿಸಿಬಿಡಿ ಸಾರ್. ಇನ್ಯಾವತ್ತೂ ಬರಲ್ಲ.” ಹಳೇ ಕ್ಯಾಲೆಂಡರಿನ ತುಂಡಿನಲ್ಲಿ ಪೊಟ್ಟಣ ಕಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿ ಕೊಟ್ಟರು.

ಮನೆಗೆ ಬಂದು ಪೊಟ್ಟಣ ನೋಡಿದೆ. ಮೇಲೆ ದಪ್ಪಗೆ ‘೪’ ಅಂತ ಬರೆದಿತ್ತು. ಬಿಚ್ಚಿದರೆ ಒಂದೇ ಒಂದು ಪಿನ್ನು. ನಾಲ್ಕು ಅಂತ ಬರೆದು ಒಂದು ಕೊಟ್ಟಿದ್ದಾರೆ, ಇನ್ನು ಮೂರು ಎಲ್ಲಿ ಬಿತ್ತೋ ಅಂತ ಚೀಲವನ್ನೆಲ್ಲ ಕೊಡವಿದೆ. ಮತ್ತೆ ಬಜಾರಿಗೆ ಹೋಗಿ ಕೇಳುವುದೋ ಬೇಡವೋ ಅಂತ ಹೆಂಡತಿಯ ಜೊತೆ ಚರ್ಚೆಯೂ ಆಯಿತು.

ಮಗಳು ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು. ಅವಳ ಶಾಲೆಯಲ್ಲಿ 1, 2, 3 ಕಲಿಸಿದ್ದಾರೆ. ಕನ್ನಡದ ಅಂಕಿ ಅವಳಿಗೆ ಒಂದೂ ಬರುವುದಿಲ್ಲ. ಗೀಚಿದ್ದನ್ನು ಒಂದು ಗಳಿಗೆ ನೋಡಿದಳು. ಪೊಟ್ಟಣವನ್ನು ತಲೆಕೆಳಗು ಮಾಡಿದಳು. ಈಗ ಉಂಗುರ ಮೇಲೆ ಬಂತು, ಎರಡು ಕಾಲು ಕೆಳಗೆ ಬಂದವು.

“ಅಪ್ಪಾ, ತಾತ ಪಿನ್ನಿನ ಚಿತ್ರ ಬರ್ದವ್ರೆ” ಅಂದಳು.